ಎರಡು ಬೆಳೆಗಳ ನಡುವೆ ಒಂದು ಕಡಲು

“ಎಷ್ಟು ದಿನ?”

ಹಡಗಿನ ಪ್ರವಾಸದ ಮಾತು ತೆಗೆದಾಗ ಅಮ್ಮ ಕೇಳಿದ್ದು ಇಷ್ಟೇ. ಹಣ ಎಷ್ಟು ಎನ್ನಲಿಲ್ಲ, ನೀರಿನ ಮೇಲೆ ಭಯವಿಲ್ಲವೇ ಎನ್ನಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಕಂತೆಯನ್ನು ತೋಳಿನಲ್ಲಿ ಅವುಚಿಕೊಂಡೇ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿಗೆ ಸೊಪ್ಪು ಹರಡಲು ಹೋಗಿದ್ದಳು.

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನಲ್ಲಿ ರೇಷ್ಮೆ ಸಾಕುವ ಮನೆಗಳಿಗೆ ತಿಂಗಳು, ವಾರ ಎಂಬುದಿಲ್ಲ. ಮರಿಹುಳುಗಳನ್ನು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳು ಮನೆಗೆ ಬಂದ ದಿನವೇ ಮೊದಲ ದಿನ. ಆಮೇಲೆ ಮೂರನೇ ಜ್ವರ, ನಾಲ್ಕನೇ ಜ್ವರ. ಹುಳು ಪೊರೆ ಕಳಚಲು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಯಾರೂ ಮನೆ ಬಿಡುವಂತಿಲ್ಲ. ಹುಳು ತನ್ನ ಇಡೀ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಆ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ರಾತ್ರಿ ಹತ್ತಕ್ಕೊಮ್ಮೆ, ನಸುಕಿನ ನಾಲ್ಕಕ್ಕೊಮ್ಮೆ ಸೊಪ್ಪು ಬೀಳಲೇಬೇಕು. ಆಗ ಹುಳುಮನೆಯ ಬಾಗಿಲ ಬಳಿ ನಿಂತರೆ ಒಳಗೆ ಮಳೆ ಹುಯ್ಯುತ್ತಿರುವ ಸದ್ದು. ಸಾವಿರಾರು ಪುಟ್ಟ ಬಾಯಿಗಳು ಒಟ್ಟಿಗೆ ಎಲೆ ಕತ್ತರಿಸುವ ಸದ್ದು ಅದು. ಚಿಕ್ಕವಳಿದ್ದಾಗ ಆ ಸದ್ದಿಗೆ ಎಚ್ಚರಾಗಿ, ಮಳೆ ಬಂತೆಂದು ಅಂಗಳಕ್ಕೆ ಓಡಿದ್ದೇನೆ. ಅಂಗಳ ಒಣಗಿರುತ್ತಿತ್ತು.

ಹಾಗಾಗಿ “ಎಷ್ಟು ದಿನ” ಎಂಬುದು ಅಮ್ಮನ ಪಾಲಿಗೆ ಕುತೂಹಲದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ.

ಈ ಆಸೆಗೆ ಬೀಜ ಬಿದ್ದದ್ದು ಬಹಳ ಹಿಂದೆ. ಊರಿನವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಧರ್ಮಸ್ಥಳ, ಉಡುಪಿ ಮುಗಿಸಿ ಮುರುಡೇಶ್ವರಕ್ಕೆ ಹೋಗಿದ್ದೆವು. ದರ್ಶನ ಮುಗಿದಾಗ ಹೊತ್ತಾಗಿತ್ತು. ಸಮುದ್ರಕ್ಕೆ ಕಾಲು ಗಂಟೆ ಮಾತ್ರ ಎಂದು ಚಾಲಕ ಮೊದಲೇ ಹೇಳಿದ್ದ. ಅಮ್ಮ ಸೀರೆಯ ನೆರಿಗೆಯನ್ನು ಹಿಮ್ಮಡಿಯ ಮೇಲಕ್ಕೆ ಎತ್ತಿ ಹಿಡಿದು ನೀರಿಗಿಳಿದಳು. ಉಳಿದ ಹೆಂಗಸರು ಅಲೆ ಬಂದಾಗ ಕೂಗಿ ಹಿಂದೆ ಓಡುತ್ತಿದ್ದರು. ಅಮ್ಮ ಕದಲಲಿಲ್ಲ. ಅಲೆ ಹಿಂದಿರುಗುವಾಗ ಪಾದದ ಕೆಳಗಿನ ಮರಳು ಜಾರುತ್ತದಲ್ಲ, ಅದನ್ನು ತಲೆ ತಗ್ಗಿಸಿ ನೋಡುತ್ತಿದ್ದಳು. ಮತ್ತೆ ತಲೆ ಎತ್ತಿ ದೂರ ನೋಡುತ್ತಿದ್ದಳು. ಬಸ್ಸು ಹಾರನ್ ಹೊಡೆಯಿತು. ಹತ್ತಿ ಕುಳಿತ ಮೇಲೆ ಒದ್ದೆ ಸೆರಗನ್ನು ಹಿಂಡುತ್ತಾ, “ಅದರ ಆಚೆ ಏನಿದೆ ಎಂದು ನೋಡಲಾಗಲಿಲ್ಲ” ಎಂದಳು. ಯಾರಿಗೂ ಹೇಳಿದ ಮಾತಲ್ಲ ಅದು. ಪಕ್ಕದಲ್ಲಿ ಕುಳಿತಿದ್ದರಿಂದ ನನಗೆ ಕೇಳಿಸಿತು, ಅಷ್ಟೇ.

ನೀರಿಲ್ಲದ ಸೀಮೆಯವಳು ಅವಳು. ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಇದ್ದದ್ದು ಕೆರೆಗಳು. ಅವು ಬತ್ತಿದ ಮೇಲೆ ಕೊಳವೆಬಾವಿಗಳು, ಸಾವಿರ ಅಡಿ ದಾಟಿದರೂ ಬರೀ ದೂಳು ಉಗುಳುವ ಕೊಳವೆಬಾವಿಗಳು. ಈಗ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಹೆಬ್ಬಾಳ, ನಾಗವಾರ ಕಣಿವೆಗಳಲ್ಲಿ ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಆದರೆ ನದಿಗಳು ಹುಟ್ಟುವುದು ಮಾತ್ರ ಇಲ್ಲಿಯೇ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಎಲ್ಲವೂ ನಂದಿಬೆಟ್ಟದ ಸುತ್ತಮುತ್ತ ಕಣ್ಣು ಬಿಟ್ಟು ಬೇರೆ ನಾಡುಗಳಿಗೆ ಹೊರಟುಬಿಡುತ್ತವೆ. ತವರಿನಲ್ಲಿ ನಿಲ್ಲದ ಹೆಣ್ಣುಮಕ್ಕಳು ಎಂದು ನಮ್ಮಜ್ಜಿ ಅನ್ನುತ್ತಿದ್ದಳು. ಕೊನೆಗೆ ಅವುಗಳ ನೀರೆಲ್ಲ ಸೇರಬೇಕಾದದ್ದು ಬಂಗಾಳಕೊಲ್ಲಿಗೆ. ಆದ್ದರಿಂದ ನನ್ನ ಮನಸ್ಸು ಮೊದಲು ಓಡಿದ್ದು ಚೆನ್ನೈ ಕಡೆಗೆ. ನಮ್ಮ ಬೆಟ್ಟದ ನೀರು ಸೇರುವ ಕಡಲಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗಬೇಕು ಎಂಬ ಆಸೆ.

ಆಸೆ ಬೇರೆ, ವೇಳಾಪಟ್ಟಿ ಬೇರೆ. ಚೆನ್ನೈನಿಂದ ಹಡಗು ಹೊರಡುವುದು ವರ್ಷದ ಕೆಲವು ತಿಂಗಳು ಮಾತ್ರ. ಶ್ರೀಲಂಕಾದ ಬಂದರುಗಳಿಗೆ ಹೋಗುವ ಹಡಗಾದರೆ ಪಾಸ್‌ಪೋರ್ಟ್ ಬೇಕು. ಅಮ್ಮನಿಗೆ ಜನನ ಪ್ರಮಾಣಪತ್ರ ಇಲ್ಲ, ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ ಒಂದು. ಅವಳ ಓರಗೆಯ ಅರ್ಧ ಊರೇ ಜನವರಿ ಒಂದಕ್ಕೆ ಹುಟ್ಟಿದೆ. ಶಾಲೆಯ ದಾಖಲೆಯಲ್ಲಿ ಬೇರೆ ತಾರೀಖು. ಎರಡನ್ನೂ ಒಂದು ಮಾಡಿಸುವ ಓಡಾಟ ಶುರು ಮಾಡಿದ್ದೇನೆ, ಆದರೆ ಅದು ಮುಗಿಯುವ ತನಕ ಕಾಯಲು ಮನಸ್ಸಿಲ್ಲ. ಅಮ್ಮನಿಗೆ ಈಗ ಅರವತ್ತಾರು. ಎಡಮೊಣಕಾಲು ಮೆಟ್ಟಿಲು ಕಂಡರೆ ಹಿಂಜರಿಯುತ್ತದೆ.

ಹಡಗೇ ಏಕೆ ಎಂದು ನನ್ನ ಗಂಡ ಕೇಳಿದ್ದಕ್ಕೂ ಈ ಮೊಣಕಾಲೇ ಉತ್ತರ. ಬೇರೆ ಯಾವ ಪ್ರವಾಸವಾದರೂ ಅಮ್ಮ ನಡೆಯಬೇಕು, ಹತ್ತಬೇಕು, ದಿನಕ್ಕೊಂದು ಊರಿನಲ್ಲಿ ಗಂಟು ಬಿಚ್ಚಿ ಕಟ್ಟಬೇಕು. ಹಡಗಿನಲ್ಲಿ ಒಮ್ಮೆ ಗಂಟು ಇಳಿಸಿದರೆ ಮುಗಿಯಿತು. ಅಂತಸ್ತಿನಿಂದ ಅಂತಸ್ತಿಗೆ ಲಿಫ್ಟ್ ಇದೆ. ಅವಳು ಕುಳಿತಲ್ಲೇ ಇದ್ದರೂ ಊರು ಚಲಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಸುಕಿನ ನಾಲ್ಕಕ್ಕೆ ಏಳಬೇಕಾದ ಕಾರಣ ಅಲ್ಲಿ ಒಂದೂ ಇಲ್ಲ. ತಾನು ಬೇಯಿಸದ ಅನ್ನವನ್ನು ಅಮ್ಮ ಮೂರು ಹೊತ್ತು ಕುಳಿತು ಉಣ್ಣುವುದನ್ನು ನಾನು ನೋಡಬೇಕು. ಮದುವೆಮನೆಗಳನ್ನು ಬಿಟ್ಟರೆ ಅಂಥ ದೃಶ್ಯವನ್ನು ನಾನು ನೋಡಿಯೇ ಇಲ್ಲ.

ಸಂಜೆ ಸೊಪ್ಪು ಹಾಕಿದ ಮೇಲೆ ಮೊಬೈಲ್ ಹಿಡಿದು ಜಗಲಿಯಲ್ಲಿ ಕೂರುವುದು ನಮ್ಮಿಬ್ಬರ ರೂಢಿಯಾಯಿತು. ಚಿಕ್ಕಬಳ್ಳಾಪುರದಲ್ಲಿ ನಾನು ಪಾಠ ಮಾಡುವ ಶಾಲೆ ಮುಗಿಸಿ ಶನಿವಾರ ಊರಿಗೆ ಬಂದರೆ ಎರಡು ಸಂಜೆ ಇದೇ ಕೆಲಸ. ಸಮುದ್ರವೇ ಏಕೆ, ಗಂಗೆಯ ಮೇಲೂ ಹಡಗು ಹೋಗುತ್ತದಂತಲ್ಲ ಎಂದು ಅಮ್ಮ ಕೇಳಿದಳು. ಹೌದು, 2023ರ ಜನವರಿಯಲ್ಲಿ ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ್’ ಬಾಂಗ್ಲಾದೇಶವನ್ನು ಹಾದು ಅಸ್ಸಾಮಿನ ದಿಬ್ರೂಗಢದವರೆಗೆ ಸುಮಾರು 3,200 ಕಿಲೋಮೀಟರ್ ಹೋಯಿತು ಎಂದೆ. ಎಷ್ಟು ದಿನ? ಐವತ್ತೊಂದು. “ಎರಡು ಬೆಳೆ” ಎಂದಳು ಅಮ್ಮ. ಹುಳು ಮನೆಗೆ ಬಂದು ಗೂಡು ಬಿಡಿಸುವ ತನಕದ್ದು ನಮಗೆ ಒಂದು ಬೆಳೆ. ಗಂಗೆಯ ಮಾತು ಅಲ್ಲಿಗೇ ನಿಂತಿತು.

ಉಳಿದದ್ದು ಮುಂಬೈ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿಗೆ ಅರಬ್ಬಿ ಸಮುದ್ರ ಉಗ್ರವಾಗಿರುತ್ತದೆ. ಅಕ್ಟೋಬರ್ ಹೊತ್ತಿಗೆ ತಣ್ಣಗಾಗುತ್ತದೆ, ನನಗೂ ದಸರಾ ರಜೆ. ಮುಂಬೈನಿಂದ ಲಕ್ಷದ್ವೀಪಕ್ಕೂ ಹಡಗಿದೆ. ಅಗತ್ತಿ ದ್ವೀಪದ ತಿಳಿನೀಲಿ ನೀರಿನ ಚಿತ್ರ ತೋರಿಸಿದಾಗ ಅಮ್ಮ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆದರೆ ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಆಳದ ನೀರಿನಲ್ಲೇ ನಿಂತು ಜನರನ್ನು ಸಣ್ಣ ದೋಣಿಗಳಿಗೆ ಇಳಿಸುತ್ತದೆ. ಅಲೆಯ ಮೇಲೆ ಏರಿಳಿಯುವ ದೋಣಿಗೆ ಕಾಲಿಡುವುದು ಆ ಮೊಣಕಾಲಿಗೆ ಆಗದ ಕೆಲಸ. ಗೋವಾದಲ್ಲಿ ಮುರ್ಮುಗೋವಾ ಬಂದರಿನ ಕಟ್ಟೆಗೇ ಹಡಗು ಆತು ನಿಲ್ಲುತ್ತದೆ, ಇಳಿಯಲು ಇಳಿಜಾರಿನ ಹಲಗೆ ಹಾಕುತ್ತಾರೆ. ಆದ್ದರಿಂದ ಮುಂಬೈ, ಗೋವಾ, ಮತ್ತೆ ಮುಂಬೈ. ದೇಶದೊಳಗಿನ ಪ್ರಯಾಣವಾದ್ದರಿಂದ ಆಧಾರ್ ಸಾಕು. ಹಿರಿಯರನ್ನು ಕರೆದೊಯ್ಯುವ ಯೋಚನೆಯಿರುವವರಿಗೆ ಹೇಳುತ್ತೇನೆ: ಯಾವ ಊರು ಎಂದು ನೋಡುವ ಮೊದಲು ಆ ಊರಿನಲ್ಲಿ ಹಡಗು ಕಟ್ಟೆಗೆ ಬರುತ್ತದೆಯೇ, ದೋಣಿಗೆ ಇಳಿಸುತ್ತದೆಯೇ ಎಂದು ಕೇಳಿ. ಹಣದ ವಿಷಯದಲ್ಲೂ ಅಷ್ಟೇ. ಮೊದಲು ಕಾಣುವ ದರ ಒಂದು ಕೋಣೆಯನ್ನು ಇಬ್ಬರು ಹಂಚಿಕೊಂಡಾಗ ತಲೆಗೆ ಬೀಳುವ ದರ. ಬಂದರು ಶುಲ್ಕ, ಸೇವಾಶುಲ್ಕ, ತೆರಿಗೆ ಆಮೇಲೆ ಸೇರುತ್ತವೆ. ಕೊನೆಯ ಮೊತ್ತ ಕಂಡ ಮೇಲೆಯೇ ಮನಸ್ಸು ಮಾಡಿ.

ಅಪ್ಪ ಈ ಮಾತುಕತೆಗಳಲ್ಲಿ ಸೇರದೆ ಕೊಟ್ಟಿಗೆಯ ಕಡೆ ಓಡಾಡುತ್ತಿದ್ದ. ಒಂದು ಸಂಜೆ ಮಾತ್ರ ಬಂದು ನಿಂತು, ಮುಳುಗಿದರೆ ಏನು ಮಾಡುತ್ತೀರಿ ಎಂದು ಕೇಳಿದ. ಧ್ವನಿಯಲ್ಲಿ ಸಿಟ್ಟಿತ್ತು, ಅದು ಸಿಟ್ಟಲ್ಲ ಎಂದು ನನಗೂ ಗೊತ್ತು. ನಾನು ಓದಿಕೊಂಡದ್ದನ್ನು ಹೇಳಿದೆ. 2012ರಲ್ಲಿ ಇಟಲಿಯ ಜಿಗ್ಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಉಜ್ಜಿ ಮಗ್ಗುಲಾಯಿತು, 32 ಜನ ತೀರಿಕೊಂಡರು. ಆ ಸಂಜೆಯಷ್ಟೇ ಹತ್ತಿದ್ದ ಪ್ರಯಾಣಿಕರಿಗೆ ಅಪಾಯ ಬಂದರೆ ಎಲ್ಲಿ ಸೇರಬೇಕೆಂಬ ಅಭ್ಯಾಸ ಇನ್ನೂ ಆಗಿರಲಿಲ್ಲ. ಹತ್ತಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡಿಸಿದರೆ ಸಾಕು ಎಂಬುದು ಆಗಿನ ನಿಯಮ. ಆ ದುರಂತದ ನಂತರ ನಿಯಮ ಬದಲಾಯಿತು. ಈಗ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಎಲ್ಲರಿಗೂ ಅಭ್ಯಾಸ ಮಾಡಿಸಬೇಕು. ಏಳು ಸಲ ಗಿಡ್ಡ ಸದ್ದು, ಆಮೇಲೆ ಒಂದು ಉದ್ದ ಸದ್ದು ಬಂದರೆ ಅಪಾಯದ ಕರೆ. ಅಮ್ಮ ಬೆರಳು ಮಡಚಿ ಏಳು ಎಣಿಸಿ ನೆನಪಿಟ್ಟುಕೊಂಡಳು. ಅಪ್ಪ ಏನೂ ಹೇಳದೆ ಹಾಲು ಕರೆಯಲು ಹೋದ. ಮುಂದಿನ ವಾರ ನಾನು ಬಂದಾಗ, ಅವನೇ ಅಮ್ಮನನ್ನು “ಎಷ್ಟು ಗಿಡ್ಡ, ಎಷ್ಟು ಉದ್ದ?” ಎಂದು ಕೇಳುತ್ತಿದ್ದ.

ಅಮ್ಮನ ಪ್ರಶ್ನೆಗಳೆಲ್ಲ ನೀರಿನವು. ಅಷ್ಟು ಜನಕ್ಕೆ ಕುಡಿಯಲು, ಸ್ನಾನಕ್ಕೆ ನೀರು ಎಲ್ಲಿಂದ? ಟ್ಯಾಂಕರ್ ಬರುತ್ತದೆಯೇ? ದೊಡ್ಡ ಹಡಗುಗಳು ಬಂದರಿನಲ್ಲಿ ನೀರು ತುಂಬಿಕೊಳ್ಳುವುದರ ಜೊತೆಗೆ ಸಮುದ್ರದಲ್ಲೇ ಸಿಹಿನೀರು ಮಾಡಿಕೊಳ್ಳುತ್ತವೆ. ಎಂಜಿನ್ನಿನ ಬಿಸಿಯನ್ನೇ ಬಳಸಿ ಉಪ್ಪುನೀರನ್ನು ಆವಿಯಾಗಿಸಿ ತಣಿಸುತ್ತವೆ, ಇಲ್ಲವೇ ಹೆಚ್ಚಿನ ಒತ್ತಡದಲ್ಲಿ ತೆಳುಪೊರೆಯ ಮೂಲಕ ತಳ್ಳಿ ಉಪ್ಪನ್ನು ಹಿಂದೆ ಉಳಿಸುತ್ತವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಇದನ್ನು ವಿವರಿಸಲು ನಾನು ತಡಕಾಡುತ್ತಿದ್ದಾಗ ಅಮ್ಮನೇ, “ಅಂದರೆ ನಮ್ಮ ಘಟಕದ ಹಾಗೆ” ಎಂದಳು. ಹೌದು, ಊರ ಬಾಗಿಲಿನಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದು ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುತ್ತೇವಲ್ಲ, ಅಲ್ಲಿಯದೂ ಅದೇ ತೆಳುಪೊರೆ, ಅದೇ ಒತ್ತಡ. ಹಡಗಿನೊಳಗೆ ತನಗೆ ಗೊತ್ತಿರುವ ಯಂತ್ರವೊಂದಿದೆ ಎಂದು ತಿಳಿದ ಮೇಲೆ ಅಮ್ಮನ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ಯಾವ ಜಾಹೀರಾತಿನ ಚಿತ್ರವೂ ಅದನ್ನು ತಂದಿರಲಿಲ್ಲ.

ಕೋಣೆಯ ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೂ ಜಗಳವಾಯಿತು. ಕಿಟಕಿಯೇ ಇಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ. ಕಿಟಕಿಯಿರುವುದಕ್ಕೆ ಹೆಚ್ಚು, ಬಾಲ್ಕನಿಗೆ ಇನ್ನೂ ಹೆಚ್ಚು. ಮಲಗುವುದಕ್ಕೆ ಕಿಟಕಿ ಏಕೆ, ನೋಡಬೇಕೆನಿಸಿದರೆ ಮೇಲೆ ಹೋದರಾಯಿತು ಎಂದು ಅಮ್ಮ ಹಟ ಹಿಡಿದಳು. ಎರಡು ವಾರ ಇದೇ ಆಯಿತು. ಕೊನೆಗೆ ನಾನು ಹುಳುಮನೆಯ ಕಡೆ ಕೈ ತೋರಿಸಿ, “ಕಿಟಕಿಯಿಲ್ಲದ ಮನೆಯಲ್ಲಿ ನೀನು ಹುಳು ಸಾಕುತ್ತೀಯಾ?” ಎಂದು ಕೇಳಿದೆ. ಆ ಮನೆಯ ಒಂದೊಂದು ಕಿಟಕಿಗೂ ಊಜಿ ನೊಣ ಬಾರದಂತೆ ಬಲೆ ಹೊಡೆಸಿ, ಗಾಳಿ ಎಷ್ಟು ಬರಬೇಕು, ಬಿಸಿ ಎಷ್ಟಿರಬೇಕು ಎಂದು ದಿನಕ್ಕೆ ಹತ್ತು ಸಲ ನೋಡುವವಳು ಅವಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಾಲ್ಕನಿ ಬೇಡ, ಕಿಟಕಿ ಸಾಕು” ಎಂದಳು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಒಂದು ಕೋಣೆ ಆರಿಸಿದೆವು. ಅಲ್ಲಿ ತೂಗಾಟ ಕಡಿಮೆ. ಬಸ್ಸಿನಲ್ಲಿ ಹಿಂದಿನ ಸೀಟು ಎತ್ತಿಹಾಕಿದಂತೆ ನಡುವಿನ ಸೀಟು ಹಾಕುವುದಿಲ್ಲವಲ್ಲ, ಹಾಗೆ. ಹೊಟ್ಟೆ ತೊಳೆಸದಿರಲು ಮಾತ್ರೆಯನ್ನು ಅಮ್ಮನ ರಕ್ತದೊತ್ತಡ ನೋಡುವ ವೈದ್ಯರನ್ನೇ ಕೇಳಿ ತೆಗೆದುಕೊಂಡಿದ್ದೇನೆ.

ಇನ್ನು ದಿನ. ಒಂದು ಬೆಳೆಯ ಗೂಡು ಬಿಡಿಸಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ, ಹುಳುಮನೆ ತೊಳೆದು ಬ್ಲೀಚಿಂಗ್ ಪುಡಿ ಹೊಡೆದು ಒಣಗಲು ಬಿಟ್ಟು, ಮುಂದಿನ ಹುಳು ಬರುವ ತನಕ ನಡುವೆ ಒಂದಿಷ್ಟು ಬಿಡುವು. ಆ ಬಿಡುವು ದಸರಾ ರಜೆಯೊಳಗೆ ಬೀಳಬೇಕು, ಹಡಗು ಹೊರಡುವ ದಿನವೂ ಅದರೊಳಗೇ ಬೀಳಬೇಕು, ಆಯುಧಪೂಜೆಯ ದಿನ ಅಮ್ಮ ಮನೆಯಲ್ಲಿರಬೇಕು. ಹಿಂದಿನ ವರ್ಷಗಳಲ್ಲಿ ಅಕ್ಟೋಬರ್ ಬೆಳೆ ಯಾವಾಗ ಹಣ್ಣಾಗಿತ್ತು ಎಂದು ನೋಡಲು ಅಮ್ಮ ತನ್ನ ಪುಸ್ತಕ ತಂದಳು.

ಪುಸ್ತಕ ಎಂದರೆ ನಾನು ಪ್ರೌಢಶಾಲೆಯಲ್ಲಿ ಅರ್ಧ ಬರೆದು ಬಿಟ್ಟಿದ್ದ ಉದ್ದನೆಯ ನೋಟ್‌ಬುಕ್. ಅದರ ಖಾಲಿ ಹಾಳೆಗಳಲ್ಲಿ ಅಮ್ಮನ ಬೆಳೆಗಳು. ರಟ್ಟು ಹರಿದು ಗೋಣಿದಾರದಲ್ಲಿ ಹೊಲಿದಿದೆ. ಒಂದು ಬೆಳೆಗೆ ಮೂರು ಸಾಲು: ಎಷ್ಟು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ), ಹುಳು ಬಂದ ದಿನ, ಗೂಡಿನ ತೂಕ ಮತ್ತು ದರ. ಕೆಲವು ಕಡೆ ನಾಲ್ಕನೇ ಸಾಲು, ಹಣ ಎಲ್ಲಿಗೆ ಹೋಯಿತು ಎಂದು. ‘ಮೋಟರು’. ‘ತಮ್ಮನ ಮದುವೆ’. ‘ಮಗಳ ಬಿ.ಇಡಿ.’

ನಾನು ಹಾಳೆ ತಿರುವುತ್ತಾ 2009ಕ್ಕೆ ಬಂದೆ. ಅದು ನನ್ನ ಮಗ ಹುಟ್ಟಿದ ವರ್ಷ. ಹೆರಿಗೆ ಚಿಕ್ಕಬಳ್ಳಾಪುರದಲ್ಲಾಯಿತು. ಕಷ್ಟದ ಹೆರಿಗೆ, ಹೊಲಿಗೆ ಮಾಯಲು ತಡವಾಯಿತು. ಅಮ್ಮ ಬಂದಳು, ಹತ್ತು ದಿನ ಇದ್ದಳು, ಹನ್ನೊಂದನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೊರಟಳು. ಹುಳು ಎಂದಳು. ಬಾಣಂತಿ ಮಗಳಿಗಿಂತ ಹುಳು ಹೆಚ್ಚಾಯಿತೇ ಎಂದು ನಾನು ಗೋಡೆಯ ಕಡೆ ತಿರುಗಿ ಮಲಗಿದೆ, ಹೋಗಿಬರುತ್ತೇನೆ ಎಂದವಳಿಗೆ ಉತ್ತರ ಕೊಡಲಿಲ್ಲ. ಆ ನೋವನ್ನು ನಾನು ಬಾಯಿ ಬಿಟ್ಟು ಹೇಳಿದ್ದಿಲ್ಲ. ಆದರೆ ಬಿಟ್ಟದ್ದೂ ಇಲ್ಲ. ಎಷ್ಟೋ ಸಣ್ಣ ಮಾತುಗಳ ಅಡಿಯಲ್ಲಿ ಅದು ಇದ್ದೇ ಇತ್ತು.

ಪುಸ್ತಕದಲ್ಲಿ ಆ ತಿಂಗಳ ಬೆಳೆಗೆ ಎರಡೇ ಸಾಲು. ಮೊಟ್ಟೆ ನೂರು. ಹುಳು ಬಂದ ದಿನ. ತೂಕ, ದರ ಇರಬೇಕಾದಲ್ಲಿ ಅಮ್ಮನ ದುಂಡು ಅಕ್ಷರಗಳಲ್ಲಿ, ‘ನಾಲ್ಕನೇ ಜ್ವರದಲ್ಲಿ ನಾನು ಇರಲಿಲ್ಲ. ಸಪ್ಪೆ ರೋಗ. ಎಲ್ಲಾ ತಿಪ್ಪೆಗೆ.’

ನೂರು ಮೊಟ್ಟೆಯ ಹುಳು. ಆ ವರ್ಷ ಅದರ ಹಿಂದೆ ಸಾಲ ಇದ್ದದ್ದು ನನಗೆ ಗೊತ್ತಿತ್ತು. ಬೆಳೆ ಹೋದದ್ದು ಗೊತ್ತಿರಲಿಲ್ಲ. ಅವಳು ಹನ್ನೊಂದನೆಯ ದಿನ ಓಡಿದ್ದು ಬೆಳೆ ಉಳಿಸಲು ಎಂದು ನಾನು ತಿಳಿದಿದ್ದೆ. ಅವಳು ತಲುಪುವಷ್ಟರಲ್ಲಿ ಉಳಿಸಲು ಏನೂ ಇರಲಿಲ್ಲ. ಆ ಹತ್ತು ದಿನಕ್ಕೆ ಅವಳು ಕೊಟ್ಟ ಬೆಲೆ ಈ ಪುಸ್ತಕದಲ್ಲಿ ಹದಿನೈದು ವರ್ಷಕ್ಕೂ ಮಿಕ್ಕಿ ಮಡಚಿಕೊಂಡು ಕುಳಿತಿತ್ತು.

“ಹೇಳಲಿಲ್ಲವೇಕೆ?” ಎಂದೆ. ಅಮ್ಮ ಇಣುಕಿ ನೋಡಿದಳು, ಯಾವ ಹಾಳೆ ಎಂದು ಗುರುತು ಹಿಡಿದಳು. “ಹಾಲು ಕುಡಿಸುತ್ತಿದ್ದೆ ನೀನು. ಕೇಳಿದರೆ ಬತ್ತಿಹೋಗುತ್ತಿತ್ತು” ಎಂದಳು. ಹಾಳೆ ತಿರುವಿ ಅಕ್ಟೋಬರ್ ಹುಡುಕತೊಡಗಿದಳು. ಅವಳ ಹೆಬ್ಬೆರಳಿನ ಪಕ್ಕದಲ್ಲಿ ಸೊಪ್ಪು ಬಿಡಿಸಿ ಬಿಡಿಸಿ ಆದ ಗೀರುಗಳಿವೆ, ಹಸಿರು ಒಳಗಿಳಿದು ಕಪ್ಪಾಗಿವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆ ಬೆರಳು ತಾರೀಖುಗಳ ಮೇಲೆ ಮೆಲ್ಲನೆ ಇಳಿಯುತ್ತಿತ್ತು. ನನಗೆ ಅಕ್ಷರ ಕಾಣುತ್ತಿರಲಿಲ್ಲ.

ಆ ರಾತ್ರಿ ಹತ್ತರ ಸೊಪ್ಪನ್ನು ನಾನೇ ಹಾಕಿದೆ. ಅಮ್ಮ ಬಾಗಿಲಲ್ಲಿ ನಿಂತು, ಒತ್ತಾಗಿ ಹಾಕಬೇಡ, ಅಂಚಿಗೂ ಹಾಕು ಎಂದು ಹೇಳುತ್ತಿದ್ದಳು. ಒಂದು ಗೂಡಿನ ನೂಲು ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಬರುತ್ತದೆ. ಸಮುದ್ರದಲ್ಲಿ ದೂರ ಅಳೆಯುವುದು ನಾಟಿಕಲ್ ಮೈಲಿಯಲ್ಲಿ, ಅದು 1.852 ಕಿಲೋಮೀಟರ್. ಎರಡು ಗೂಡಿಗೆ ಒಂದು ಮೈಲಿ ಎಂದೆ. ಹಾಗಾದರೆ ಗೋವಾಕ್ಕೆ ಎಷ್ಟು ಗೂಡು ಎಂದು ಅಮ್ಮ ಕೇಳಿದಳು. ಲೆಕ್ಕ ಹಾಕಿದೆವು. ಒಂದು ಕೆ.ಜಿ. ಗೂಡಿನ ನೂಲು ಸಾಕು, ಮುಂಬೈನಿಂದ ಗೋವಾ ಮುಟ್ಟಿಬಿಡಬಹುದು. ಇಷ್ಟು ವರ್ಷ ಅವಳು ಬೆಳೆದ ಗೂಡಿನ ನೂಲು ಎಷ್ಟು ಕಡಲು ದಾಟುತ್ತದೋ ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಈಗ ಬಹುಪಾಲು ಸಿದ್ಧವಾಗಿದೆ. ಹೋಗುವಾಗ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್; ಅದು ಮುಂಬೈ ಸಿ.ಎಸ್.ಎಂ.ಟಿ. ನಿಲ್ದಾಣ ಮುಟ್ಟಿದರೆ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಹತ್ತಿರವೇ. ಬರುವಾಗ ವಿಮಾನ. ದೇವನಹಳ್ಳಿಯ ನಿಲ್ದಾಣದಿಂದ ನಮ್ಮೂರು ದೂರವಿಲ್ಲ. ಹೊರಗಿನ ಅಡುಗೆಯನ್ನು ಹಡಗಿನೊಳಗೆ ಬಿಡುವುದಿಲ್ಲವೆಂದು ತಿಳಿದ ಮೇಲೆ ಅಮ್ಮ ಹುರಿಹಿಟ್ಟು, ಚಟ್ನಿಪುಡಿಯನ್ನು ರೈಲಿಗಷ್ಟೇ ಕಟ್ಟುತ್ತಾಳಂತೆ. ಮೂರು ದಿನ ಮುದ್ದೆಯಿಲ್ಲದೆ ಇರಬಲ್ಲೆ ಎಂದು ಅವಳೇ ಹೇಳಿದ್ದಾಳೆ. ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ ಹೋಗುತ್ತದೆ ಎಂದು ಅಪ್ಪನಿಗೆ ತಿಳಿಸಿ ಹೇಳಬೇಕು. ಅದೊಂದು ಉಳಿದಿದೆ.

ಪುಸ್ತಕದ ಲೆಕ್ಕ ಎಷ್ಟು ಕೂಡಿಸಿದರೂ ಹಡಗಿನ ದಿನಕ್ಕೂ ಹುಳು ಬರುವ ದಿನಕ್ಕೂ ನಾಲ್ಕು ದಿನ ತಾಳೆಯಾಗಲಿಲ್ಲ. ಇದೂ ತಪ್ಪಿತು, ಜನವರಿಗೆ ನೋಡೋಣ ಎಂದು ನಾನು ಮನಸ್ಸಿನಲ್ಲೇ ಬಿಟ್ಟುಕೊಟ್ಟಿದ್ದೆ. ಕಳೆದ ಭಾನುವಾರ ಬೆಳಿಗ್ಗೆ ಅಮ್ಮ ಸೊಪ್ಪು ಹಾಕಿ ಬಂದು, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಚಾಕಿ ಕೇಂದ್ರಕ್ಕೆ ಫೋನ್ ಮಾಡಿದಳು. “ಈ ಸಲ ನಮ್ಮ ಮನೆಗೆ ಹುಳು ಹತ್ತು ದಿನ ತಡವಾಗಿ ಕೊಡಿ” ಎಂದಳು. ಆ ಕಡೆಯವರು ಗಾಬರಿಯಿಂದ ಏನೋ ಕೇಳಿದರು. ಇಷ್ಟು ವರ್ಷದಲ್ಲಿ ಅವಳು ಹುಳುವನ್ನು ಮುಂದೆ ಹಾಕಿದ್ದೇ ಇಲ್ಲ.

“ಎಲ್ಲಾ ಚೆನ್ನಾಗಿದ್ದಾರೆ. ಯಾರಿಗೂ ಏನೂ ಆಗಿಲ್ಲ” ಎಂದಳು ಅಮ್ಮ. “ನಾನೂ ನನ್ನ ಮಗಳೂ ಸಮುದ್ರಕ್ಕೆ ಹೋಗುತ್ತಿದ್ದೇವೆ.”